ಅಟ್ಟದ ಮೇಲಿನ ಒಂದು ಗಂಟೆ

ಹೊನ್ನವಳ್ಳಿ
ಸೆಪ್ಟೆಂಬರ್ ೧೪

ನನ್ನ ಮುದ್ದು ಮಧುಗೆ, ನಿನ್ನ ಬಾಯಿಬಡುಕಿ ಅತ್ತಿಗೆಯಿಂದ ರಾಶಿ ರಾಶಿ ಮುತ್ತುಗಳು.

ಹತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಚಿಕ್ಕನಾಯಕನಹಳ್ಳಿಯಿಂದ ವನಜಾಕ್ಷಿ ಚಿಕ್ಕಮ್ಮ ಮಾತ್ರ ನೀನು ಉಂಡೆ, ಮಲಗಿದೆ ಎಂದು ಹೇಳುತ್ತಾರೆ. ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮಣ್ಣ ಹಿಂದಿನಿಂದ ಇಣುಕಿ ನಗುತ್ತಿದ್ದಾರೆ. ಮದುವೆಯಾಗಿ ನಾಲ್ಕು ತಿಂಗಳಾದರೂ ಅವರು ನಕ್ಕರೆ ನನಗೆ ಕೈಕಾಲೇ ಆಡುವುದಿಲ್ಲ, ಗೊತ್ತಾ? ನೋಡು, ಏನೋ ಹೇಳಲು ಹೊರಟು ಮತ್ತೆ ಅಲ್ಲಿಗೇ ಬಂದೆ.

ಇವತ್ತು ಏಷ್ಯನ್ ಚಾಂಪಿಯನ್‌ಶಿಪ್‌ನ ಹೆಂಗಸರ ಎಂಟುನೂರು ಮೀಟರ್ ಫೈನಲ್ ನೋಡಿದೆವು. ನೀನು ನೋಡಿರುವುದಿಲ್ಲ. ಮೊದಲ ಸುತ್ತು ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ನಿಧಾನವಾಗಿ ಓಡಿದರು. ಆರುನೂರರ ಹತ್ತಿರ ಕಾಲು ಕಲ್ಲಾಗುತ್ತದೆ, ಅಲ್ಲಿ ನುಗ್ಗಿದವಳೇ ಗೆಲ್ಲುವುದು ಎಂದು ನೀನು ಹೇಳಿಕೊಟ್ಟಿದ್ದೆಯಲ್ಲ, ಅಲ್ಲಿಗೆ ಬಂದಾಗ ನಾನು ಎದ್ದು ನಿಂತುಬಿಟ್ಟೆ. ಯಾರೂ ನುಗ್ಗಲಿಲ್ಲ. ಗೆದ್ದವಳು ತೆಗೆದುಕೊಂಡದ್ದು ಏಪ್ರಿಲ್‌ನಲ್ಲಿ ನೀನು ಓಡಿದ್ದಕ್ಕಿಂತ ಒಂದು ಸೆಕೆಂಡು ಹೆಚ್ಚು. ಅತ್ತೆ ಟಿವಿ ಆರಿಸಿ, "ನಮ್ಮುಡುಗಿ ಇದ್ದಿದ್ರೆ ಗೆಲ್ತಿತ್ತು ಬುಡು" ಅಂದು ಅಟ್ಟ ಹತ್ತಿದರು. ಕಾಯಿ ಒಳಗೇ ಒಣಗಿ ಕೊಬ್ಬರಿಯಾಗಿದೆಯಾ ಎಂದು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಇನ್ನೂ ಆ ಸದ್ದು ಕೇಳುತ್ತಿದೆ.

ಆ ಬೆಳಿಗ್ಗೆ ನೀನು ಕೂತಿದ್ದು ಅಲ್ಲೇ. ಅರಸೀಕೆರೆಯ ಗಂಡಿನವರು ಸೋಮವಾರ ಬರುತ್ತಾರೆ ಎಂದು ಅತ್ತೆ ಹೇಳಿದಾಗ ನೀನು ನನ್ನ ಕೈ ಹಿಡಿದು, "ಯಾರೇ ಬಂದ್ರೂ ನಾನಿಲ್ಲ ಅನ್ನು ಕಣೇ ಅತ್ತಿಗೆ, ಏಷ್ಯನ್ ಮುಗೀಲಿ" ಅಂದಿದ್ದೆ. ಸೋಮವಾರ ಬೆಳಿಗ್ಗೆ ಆರಕ್ಕೇ ಕಾರು ಬಂತು. ಇಸ್ತ್ರಿ ಷರ್ಟಿನ ಗಂಡಸು, ಒಳ್ಳೆಯ ಸೀರೆಯ ಹೆಂಗಸು. ನೀನು ಇದ್ದೀಯಾ ಎಂದರು, ವಿಷಯ ನಿನಗೇ ಹೇಳಬೇಕು ಎಂದರು. ರಾಹುಕಾಲಕ್ಕೆ ಮೊದಲೇ ಹೊರಟ ಗಂಡಿನವರು ಎಂದುಕೊಂಡು ನಾನು ಓಡಿಬಂದು ನಿನ್ನನ್ನು ಅಟ್ಟ ಹತ್ತಿಸಿದೆ. ತುಮಕೂರಿಗೆ ಹೋಗಿದ್ದಾಳೆ ಎಂದೆ. ಏಳರವರೆಗೆ ಕಾಯುತ್ತೇವೆ ಎಂದು ಜಗಲಿಯಲ್ಲಿ ಕೂತರು. ಕಾಫಿ ಕೊಟ್ಟೆ. ಅವರು ನಿನ್ನ ನಕ್ಷತ್ರ ಕೇಳುತ್ತಿದ್ದಾರೆ ಎಂದು ಬಂದು ಹೇಳಿದೆ, ನೀನು ಕಾಯಿ ಉರುಳದಂತೆ ಒಂದು ಗಂಟೆ ಅಲ್ಲಾಡದೆ ಕೂತೆ.

ನಿಮ್ಮಂಥ ಓಟಗಾರ್ತಿಯರು ದಿನಕ್ಕೊಂದು ಗಂಟೆ, ಒಂದು ಜಾಗ ಮೊದಲೇ ಬರೆದುಕೊಡಬೇಕು, ನಿನ್ನದು ಬೆಳಿಗ್ಗೆ ಆರರಿಂದ ಏಳು, ಈ ಮನೆ, ಡೋಪಿಂಗ್ ಪರೀಕ್ಷೆಯವರು ಹೇಳದೆ ಬರುತ್ತಾರೆ, ವರ್ಷದಲ್ಲಿ ಮೂರು ಸಲ ಸಿಗದಿದ್ದರೆ ಎರಡು ವರ್ಷ ಓಡುವಂತಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಆಮೇಲೆ. ಒಮ್ಮೆ ಬಸ್ ಕೆಟ್ಟು, ಒಮ್ಮೆ ಆ್ಯಪಿನಲ್ಲಿ ಹಳೆಯ ಹಾಸ್ಟೆಲ್ ವಿಳಾಸ ಉಳಿದು, ಎರಡು ಸಲ ಆಗಲೇ ತಪ್ಪಿತ್ತಂತೆ. ಏಳಕ್ಕೆ ಅವರು ಎದ್ದಾಗ ಆ ಹೆಂಗಸಿನ ಬ್ಯಾಗಿನಲ್ಲಿ ಖಾಲಿ ಬಾಟಲಿಗಳು ಕಂಡವು. ನಿನಗೆ ಹೇಳಿದೆ. ನೀನು ಏಣಿ ಇಳಿಯದೆ ಧುಮುಕಿ, ಬರಿಗಾಲಲ್ಲಿ ತೋಟದ ದಾರಿಯುದ್ದಕ್ಕೂ ಕಾರಿನ ಹಿಂದೆ ಓಡಿದೆ. ನೀನು ಓಡುವುದನ್ನು ನಾನು ಟಿವಿಯಲ್ಲದೆ ಕಣ್ಣಾರೆ ನೋಡಿದ್ದು ಅದೊಂದೇ ಸಲ.

ಎರಡು ವರ್ಷದ ನಿಷೇಧ ಮುಗಿದಾಗ ನಿನಗೆ ಬರೀ ಇಪ್ಪತ್ತೊಂಬತ್ತು ಎಂದು ನಾನು ಸಮಾಧಾನ ಹೇಳಿದಾಗ ನೀನು ಎದ್ದು ಚಿಕ್ಕಮ್ಮನ ಮನೆಗೆ ಹೊರಡಲು ಬ್ಯಾಗು ತುಂಬಿದೆ. ಈಗ ಅರಸೀಕೆರೆಯವರಿಗೆ ಒಪ್ಪಿಗೆ ಕೊಟ್ಟೆಯಂತೆ. ಅತ್ತೆ ಸೀರೆ ಮಾತಾಡುತ್ತಿದ್ದಾರೆ. ನನಗೆ ಯಾವ ಬಣ್ಣವೂ ಹೊಳೆಯುತ್ತಿಲ್ಲ.

ನಿನ್ನ
ಸಿಂಚನ ಅತ್ತಿಗೆ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಅಟ್ಟದಿಂದ ನೀನು ಎರಡು ಸಲ ಕೇಳಿದೆ, "ಗಂಡಿನವರೇನಾ, ಸರಿಯಾಗಿ ಕೇಳಿದ್ಯಾ?" ಎಂದು. ನಾನು ಕೇಳಿರಲಿಲ್ಲ. ಅವರೂ ನಕ್ಷತ್ರ ಕೇಳಿರಲಿಲ್ಲ. ನಿನ್ನನ್ನು ನಗಿಸಲು ನಾನೇ ಕಟ್ಟಿದ್ದು. ಅದನ್ನೇ ನಂಬಿ, ಪರೀಕ್ಷೆಯವರು ನಕ್ಷತ್ರ ಕೇಳಿ ಮನೆಯವರನ್ನು ದಾರಿ ತಪ್ಪಿಸಿದರು ಎಂದು ನೀನು ಮೇಲ್ಮನವಿಯಲ್ಲಿ ಬರೆದೆ, ನಾನು ಸಾಕ್ಷಿ ಸಹಿ ಹಾಕಿದೆ. ಸಮಿತಿಯವರು ನಿನ್ನನ್ನು ಸುಳ್ಳಿ ಅಂದರು. ವಕೀಲರನ್ನು ವಿಚಾರಿಸಿದೆ, ಈಗ ಯಾರು ಏನು ಹೇಳಿದರೂ ಕೇಳುವವರಿಲ್ಲವಂತೆ. ನಿಮ್ಮಣ್ಣನಿಗೆ ಗೊತ್ತಿಲ್ಲ. ಇದನ್ನು ಬರೆಯುವಾಗ ಅವರು ಇಣುಕದಂತೆ ಎಡಗೈ ಅಡ್ಡ ಇಟ್ಟುಕೊಂಡಿದ್ದೇನೆ.