ಮುಚ್ಚಳದೊಳಗಿನ ಗೀರು

ಅಪ್ಪನಿಗೆ ನಮಸ್ಕಾರ.

ಈ ಪತ್ರದ ಜೊತೆ ಪುಟ್ಟಿಯ ಕೈಗಡಿಯಾರ ಕಳಿಸಿದ್ದೇನೆ. ಕೀ ಕೊಟ್ಟರೂ ನಡೆಯುತ್ತಿಲ್ಲ. ನೀವು ತಿಂಗಳಿಂದ ಅಂಗಡಿ ತೆರೆದಿಲ್ಲವೆಂದು ಅಮ್ಮ ಹೇಳಿದಳು. ಇದೊಂದಕ್ಕಾದರೂ ತೆರೆಯಿರಿ. ಪಟ್ಟಿ ಮಾತ್ರ ಬದಲಿಸಬೇಡಿ. ಮೊಮ್ಮಗಳ ಸಣಕಲು ಕೈಗೆಂದು ನೀವೇ ಕೊರೆದ ತೂತು ಅದರಲ್ಲಿದೆ.

ಇಪ್ಪತ್ತು ವರ್ಷ ನಿಮ್ಮ ರಿಪೇರಿ ಮೇಜಿನ ಎದುರು ಕೂತು ದೇವರ ವಿಷಯಕ್ಕೆ ಜಗಳಾಡಿದ್ದೇನೆ. ನೀವು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಇಷ್ಟು ಸಣ್ಣ ಚಕ್ರ ತಾನಾಗೇ ಹುಟ್ಟುತ್ತೇನೋ? ಜಗತ್ತಿಗೂ ಮಾಡಿದವನೊಬ್ಬ ಇರಲೇಬೇಕು," ಅನ್ನುತ್ತಿದ್ದಿರಿ. "ಹಾಗಾದ್ರೆ ಕೆಟ್ಟಾಗ ರಿಪೇರಿಗೆ ಯಾಕೆ ಬರಲ್ಲ?" ಎಂದು ನಾನು ಕೇಳುತ್ತಿದ್ದೆ. ರಿಪೇರಿಯಾದ ಪ್ರತಿ ಗಡಿಯಾರದ ಮುಚ್ಚಳದೊಳಗೆ ಸೂಜಿಯಿಂದ ತಾರೀಖು ಗೀಚುವವರು ನೀವು. "ಅವನೂ ಬಂದು ಹೋಗಿರ್ತಾನೆ. ಗೀರು ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೆ," ಅನ್ನುತ್ತಿದ್ದಿರಿ. ಪುಟ್ಟಿಯ ಹೃದಯ ಹುಟ್ಟಿನಿಂದಲೇ ಸರಿಯಿಲ್ಲವೆಂದು ಡಾಕ್ಟರು ಹೇಳಿದ ದಿನವೂ ನೀವು ಬಿಟ್ಟುಕೊಡಲಿಲ್ಲ.

ಅವಳನ್ನು ಮಣ್ಣು ಮಾಡಿ ಬರುವಾಗ ನನ್ನ ಹೆಗಲು ಹಿಡಿದು, "ನೀನು ಹೇಳಿದ್ದೇ ಸರಿ ಕಣೋ ಮೊಂಡ," ಅಂದಿರಿ.

ಆ ಮಾತನ್ನು ವಾಪಸು ತೆಗೆದುಕೊಳ್ಳಿ. ನೀವು ನಂಬಿದ್ದೀರಿ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ನಂಬದೆ ಇದ್ದೆ.

ಗಡಿಯಾರ ನಡೆದರೆ ತಾರೀಖು ಗೀಚಿ ನೀವೇ ತನ್ನಿ. ಪುಟ್ಟಿ ಈಗ ಎಲ್ಲಿದ್ದಾಳೆಂದು ಅವಳ ಅಮ್ಮ ದಿನಾ ನನ್ನನ್ನು ಕೇಳುತ್ತಾಳೆ. ನೀವು ಉತ್ತರ ಹೇಳಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.

ನಿಮ್ಮ
ಮೊಂಡ