ಉದ್ದ ಮೂತಿ ಮುಂದಾಗಿ ಹೋದ ದಿನ

ವೈದ್ಯನಾಥಪುರ
೧೬ ಫೆಬ್ರವರಿ ೨೦೨೫

ಪ್ರೀತಿಯ ಕೆಂಪಸಿದ್ದಯ್ಯನಿಗೆ ನಿನ್ನ ಮರಿಯಣ್ಣನ ಜೈ ಭೀಮ್.

ಪೂರಿಗಾಲಿಯಲ್ಲಿ ನೀನೂ ಚಿಕ್ಕಮಾದಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುತ್ತೇನೆ ಎಂದು ಹೇಳಿ ನಾಲ್ಕು ತಿಂಗಳಾಯಿತು. ಗೂಡ್ಸ್ ಗಾಡಿ ಓಡಿಸಿದವನ ಬುದ್ಧಿ ಇದು, ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಹೊರಡುವುದು. ಬೈಯಬೇಕೆನಿಸಿದರೆ ಬೈದುಕೊ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗಳನ್ನು ಆ ಎಂಜಿನ್ನೇ ತಿಂದುಹಾಕಿದೆ. ನನ್ನ ಮಾತನ್ನು ಚಿಕ್ಕಮಾದಮ್ಮ ನಿನಗೆ ಕೂಗಿ ಹೇಳುವುದು, ಬೀದಿಯವರೆಲ್ಲ ಕೇಳುವುದು ಬೇಡ. ಅದಕ್ಕೇ ಈ ಕಾಗದ. ನೀನೇ ಓದು.

ಹೋದ ಸಲ ಬಂದಾಗ ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತ ನೀನು ಮತ್ತೆ ಅದನ್ನೇ ಕೇಳಿದೆ. "ಮರಿಯಣ್ಣ, ಅವತ್ತು ನಾನು ಕೂಗಿದ್ನಾ, ಇಲ್ಲ ಮನಸ್ನಲ್ಲೇ ಕೂಗ್ಕಂಡ್ನಾ? ನಿಜ ಯೋಳಣ್ಣ." ಆ ಕಬ್ಬಿನ ಗಾಡಿ ನಮ್ಮ ಎಂಜಿನ್ನಿಗೆ ಸಿಕ್ಕಿ, ಅದನ್ನು ಹೊಡೆಯುತ್ತಿದ್ದ ದೊಡ್ಡಸಿದ್ದಯ್ಯ ಸತ್ತು ಹತ್ತೊಂಬತ್ತು ವರ್ಷವಾಯಿತು. ಸಹಾಯಕನಾಗಿದ್ದ ನೀನು ಕೂಗಿ ಎಚ್ಚರಿಸಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿ ನಿನ್ನ ಕೆಲಸ ಹೋಯಿತು. "ಬುಡ್ಲಾ, ಅಳೇ ಕತೆ. ಕಾಗ್ದ ಬರೀತೀನಿ" ಎಂದು ನಿನ್ನನ್ನು ಬಸ್ಸು ಹತ್ತಿಸಿಬಿಟ್ಟೆ.

ಮಗಳು ಮಂಜುಶ್ರೀ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು, ನಿನಗೆ ಗೊತ್ತಲ್ಲ. ಈಗ ನಮ್ಮ ಎಂಜಿನ್ನಿನ ಮೇಲೆ ಮಕ್ಕಳಿಗೊಂದು ಪುಸ್ತಕ ಬರೆಯಲು ಹೊರಟಿದ್ದಾಳೆ. ನಮ್ಮ ಲೈನಿನ ಮೇಲೆ ಕರೆಂಟಿನ ತಂತಿ ಬಂತು, ಆ ಎಂಜಿನ್ನುಗಳನ್ನು ಒಂದೊಂದಾಗಿ ಗುಜರಿಗೆ ಹಾಕುತ್ತಿದ್ದಾರೆ, ಯಾರಾದರೂ ಬರೆದಿಡಬೇಕಲ್ಲವೇ ಎನ್ನುತ್ತಾಳೆ. ಭಾನುವಾರ ಬಂತೆಂದರೆ ನೋಟ್‌ಬುಕ್ಕು ಹಿಡಿದು ಕೂರುತ್ತಾಳೆ. ಮೊದಮೊದಲು ನನಗೂ ಹುರುಪು. ಡಬ್ಲ್ಯು ಡಿ ಜಿ ತ್ರೀ ಎ ಎಂಬ ಹೆಸರನ್ನೇ ಅರ್ಧ ದಿನ ಬಿಡಿಸಿ ಹೇಳಿದೆ. ಡಬ್ಲ್ಯು ಅಂದರೆ ಬ್ರಾಡ್‌ಗೇಜು, ಡಿ ಡೀಸೆಲ್ಲು, ಜಿ ಗೂಡ್ಸು, ಮೂರು ಅಂದರೆ ಮೂರು ಸಾವಿರ ಕುದುರೆಯ ಬಲ, ಎ ಅಂದರೆ ಮೇಲೆ ಇನ್ನೊಂದು ನೂರು. ಮೂಲ ನಕ್ಷೆ ಅಮೆರಿಕದ್ದು, ಅಲ್ಲಿ ಆ ಕಂಪನಿಯೇ ಮುಚ್ಚಿಹೋದ ಎಷ್ಟೋ ವರ್ಷದ ಮೇಲೆ ಕಾಶಿಯಲ್ಲಿ ನಮ್ಮವರು ಅದನ್ನೇ ತಿದ್ದಿ ತೀಡಿ ಗೂಡ್ಸಿಗೆಂದೇ ಇದನ್ನು ಕಟ್ಟಿದರು ಎಂದೂ ಹೇಳಿದೆ.

"ಡೀಸೆಲ್ಲೇ ತಾನೇ ಚಕ್ರ ತಿರುಗ್ಸೋದು?" ಎಂದಳು. ಮೇಡಮ್ಮಿಗೂ ಗೊತ್ತಿಲ್ಲ ನೋಡು! ಬೇಕೆಂದೇ ನನ್ನನ್ನು ಕೆಣಕಿದಳೋ ಏನೋ. "ಇಲ್ಲ ಕಣಮ್ಮ, ಡೀಸೆಲ್ಲು ಕರೆಂಟು ತಯಾರಿಸ್ತದೆ ಅಷ್ಟೇಯ. ಆ ಕರೆಂಟು ಆರು ಅಚ್ಚಿನ ಆರು ಮೋಟ್ರಿಗೆ ಓಯ್ತದೆ. ಶಿವನಸಮುದ್ರದ ಪವರ್ ಹೌಸ್ನ ಗಾಲಿ ಮ್ಯಾಲೆ ಮಡಗ್ದಂಗೆ" ಎಂದೆ. ಅದನ್ನು ಹಾಗೇ ಬರೆದುಕೊಂಡಳು.

ಆಮೇಲೆ ಚಿತ್ರ ಬರೆದಳು. ಬರೆದವಳು ಪೆನ್ಸಿಲ್ ನಿಲ್ಲಿಸಿ, "ಅಪ್ಪ, ನೀವು ಕೂರೋ ಕ್ಯಾಬು ಒಂದೇ ತುದೀಲದೆ. ಈ ಉದ್ದ ಮೂತಿ ಮುಂದಾಗಿ ಓಡೋವಾಗ ಎದುರ್ಗಡೆ ಎಂಗೆ ಕಾಣ್ತದೆ?" ಎಂದು ಕೇಳಿದಳು.

ಇದ್ದದ್ದನ್ನು ಹೇಳಿದೆ ಕೆಂಪ. ಎಂಜಿನ್ ತಿರುಗಿಸಲು ಅನುಕೂಲವಿಲ್ಲದಿದ್ದರೆ ಹಾಗೇ ಓಡಿಸಬೇಕು. ಎಡಗಡೆ ಡ್ರೈವರಿಗೆ ಕಾಣುತ್ತದೆ, ಬಲಗಡೆಯನ್ನು ಮೂತಿ ಮರೆಮಾಡುತ್ತದೆ, ಅದನ್ನು ಸಹಾಯಕ ನೋಡಿ ಕೂಗಬೇಕು. ಕಾಣದವನು ಕಂಡವನನ್ನು ನಂಬಬೇಕು. ಆ ಎಂಜಿನ್ ಓಡುವುದೇ ಆ ನಂಬಿಕೆಯ ಮೇಲೆ ಎಂದೆ. ಹೇಳಿ ಎದ್ದು ಹಿತ್ತಲಿಗೆ ಹೋದೆ.

ದೊಡ್ಡಸಿದ್ದಯ್ಯ ಸತ್ತ ದಿನವೂ ಉದ್ದ ಮೂತಿ ಮುಂದಾಗಿಯೇ ಹೊರಟಿದ್ದೆವು. ಅವತ್ತು ಬೆಳಿಗ್ಗೆ ಮದ್ದೂರು ಇನ್ನೂ ಸಿಗುವ ಮೊದಲು ನೀನು "ಆಳು, ಆಳು, ಬ್ರೇಕಾಕಣ್ಣ" ಎಂದು ಕೂಗಿ ನಾನು ಗಾಡಿ ನಿಲ್ಲಿಸಿದ್ದು ನೆನಪಿದೆಯೇ? ಇಳಿದು ನೋಡಿದರೆ ಲೈನಿನ ಪಕ್ಕದ ಹೊಲದಲ್ಲಿ ನೆಟ್ಟ ಹುಲ್ಲಿನ ಬೆರ್ಚಪ್ಪ, ಬಿಳಿ ಅಂಗಿ ತೊಟ್ಟು ನಿಂತಿದ್ದ. "ಬೆರ್ಚಪ್ಪನ್ನ ಕಂಡು ಎದ್ರೋದು ಕಾಗೆ ಕಣ್ಲಾ, ನೀನ್ಯಾವಾಗ ಕಾಗೆ ಆದೆ?" ಎಂದು ಗೇಲಿ ಮಾಡಿದೆ. ಗಾಡಿ ತಡವಾಗಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡ ಸಿಟ್ಟನ್ನು ದಾರಿಯುದ್ದಕ್ಕೂ ನಿನ್ನ ಮೇಲೆ ತೀರಿಸಿಕೊಂಡೆ. ಅದಾದ ಮುಕ್ಕಾಲು ಗಂಟೆಗೆ, ಮಂಡ್ಯದ ಕಡೆಯ ಕಾವಲಿಲ್ಲದ ಗೇಟಿನಲ್ಲಿ, ಬಲಗಡೆಯಿಂದ ದೊಡ್ಡಸಿದ್ದಯ್ಯನ ಗಾಡಿ ಬಂತು.

ಮೊನ್ನೆ ಚಿಕ್ಕಮಾದಮ್ಮ ಫೋನಿನಲ್ಲಿ, "ನಿಮ್ ತಮ್ಮ ಒಂದೊಂದ್ ಮಾತ್ನೂ ಎರಡೆರಡು ಸಲ ಯೋಳ್ತರೆ. ಯೋಳ್ಬುಟ್ಟು 'ಕೇಳುಸ್ತಾ?' ಅಂತರೆ. ಕಿವಿ ಓಗಿರೋದು ನಿಂದು ಕಣಯ್ಯ, ನಂದಲ್ಲ ಅಂತೀನಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕಿವಿಯ ಡಾಕ್ಟರಿಗೆ ತಪ್ಪದೆ ತೋರಿಸು. ಹಿಪ್ಪುನೇರಳೆ ಚೆನ್ನಾಗಿ ಚಿಗುರಲಿ, ಗೂಡು ಚೆನ್ನಾಗಿ ಬರಲಿ. ನಿನ್ನ ಮನೆಗೆ ಒಳ್ಳೆಯದಾಗಲಿ.

ನಿನ್ನ
ಮರಿಸಿದ್ದಯ್ಯ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಅಂಟಿಸಿದ ಕವರನ್ನು ಮತ್ತೆ ಹರಿದೆ. ನೀನು ಕೂಗಿದೆ ಕೆಂಪ. "ಅಣ್ಣ, ಬಲಗಡೆ ಗಾಡಿ, ಬ್ರೇಕಾಕು" ಎಂದೆ. ನಾನು ಇನ್ನೊಂದು ಬೆರ್ಚಪ್ಪ ಎಂದುಕೊಂಡೆ. ಬ್ರೇಕಿನ ಮೇಲಿನ ಕೈ ತೆಗೆದು, ನಾನೇ ನೋಡುತ್ತೇನೆಂದು ನಿನ್ನ ಕಡೆಗೆ ಎದ್ದುಬಂದೆ. ಅಷ್ಟರಲ್ಲಿ ಎತ್ತಿನ ಕೊಂಬು ಕಾಣುವಷ್ಟು ಹತ್ತಿರ ಬಂದಿದ್ದೆವು. ಆ ಕ್ಷಣವೇ ಹಾಕಿದ್ದರೂ ಅಷ್ಟು ಭಾರದ ಗಾಡಿ ನಿಲ್ಲುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ವಿಚಾರಣೆಯಲ್ಲಿ ನನ್ನ ಕೆಲಸ ಹೋಗುತ್ತದೆಂದು ಹೆದರಿ, ಇವನು ಕೂಗಲೇ ಇಲ್ಲ ಎಂದೆ. ಹೊರಗೆ ಬಂದ ಮೇಲೆ ನಿನಗೆ, ನನಗೆ ಕೇಳಿಸಲಿಲ್ಲ ಕಣ್ಲಾ ಎಂದೆ. ನೀನು ನನ್ನನ್ನು ನಂಬಿ ನಿನ್ನ ಬಾಯಿಯನ್ನೇ ಅನುಮಾನಿಸಿದೆ. ಇದನ್ನೆಲ್ಲ ಬರೆದು ಸಹಿ ಹಾಕಿ ಮೊನ್ನೆ ರೈಲ್ವೆಗೂ ಕಳಿಸಿದ್ದೇನೆ. ಅದರ ಪ್ರತಿ ಓದಿದ ಮಂಜುಶ್ರೀ, "ಕೆಂಪ ಚಿಕ್ಕಪ್ಪನ ಮೊಕ ಎಂಗಪ್ಪ ನೋಡುದ್ರಿ ಇಷ್ಟು ವರ್ಸ?" ಎಂದು ಕೇಳಿ, ಊಟ ಮಾಡದೆ ಮಳವಳ್ಳಿಗೆ ಹೊರಟುಹೋದಳು. ಇನ್ನು ಯಾರಿಗೂ ಎರಡೆರಡು ಸಲ ಹೇಳಬೇಡ. ಆ ಗೇಟಿನಲ್ಲಿ ಅವತ್ತೂ ನೀನು ಎರಡು ಸಲ ಕೂಗಿದ್ದೆ. ಮೊದಲನೇ ಸಲಕ್ಕೇ ನನಗೆ ಕೇಳಿಸಿತ್ತು.