ರಾಣಿ ಎದ್ದು ನಿಂತ ಭಾಗ

ಜೂನ್ ಹನ್ನೊಂದು, ಮಂಗಳವಾರ
ಬೈಂಡಿಂಗ್ ಅಂಗಡಿ, ಊಟದ ಬಿಡುವು

ನನ್ನ ಪ್ರೀತಿಯ ಯಾಕಮ್ಮನಿಗೆ,

ಅಮ್ಮನ ನೂರು ಆಶೀರ್ವಾದ. ನಿನಗೆ ನಲವತ್ತೊಂದು ತುಂಬಲಿ, ಕಾಲೇಜಿನಲ್ಲಿ ಹುಡುಗರೆಲ್ಲ ಮೇಡಂ ಮೇಡಂ ಎಂದು ಹಿಂದೆ ಬರಲಿ, ನನಗೆ ನೀನು ಯಾಕಮ್ಮನೇ. ಮಾತು ಬಂದ ದಿನದಿಂದ "ಯಾಕಮ್ಮ? ಯಾಕಮ್ಮ?" ಎಂದು ನನ್ನ ಪ್ರಾಣ ಹಿಂಡಿದವಳಿಗೆ ಬೇರೆ ಹೆಸರು ಎಲ್ಲಿಂದ ತರಲಿ?

ನಿನ್ನ ಲಕೋಟೆ ಶನಿವಾರ ತಲುಪಿತು. ನಮ್ಮ ಮನೆಯ ರಾಣಿ ಪುಸ್ತಕ ಹೊಸದಾಗಿ ಅಚ್ಚಾಗುತ್ತದೆ, ಮೊದಲ ಹಾಳೆಯಲ್ಲಿ ಸಂಪಾದಕಿ ಎಂದು ನಿನ್ನ ಹೆಸರಿರುತ್ತದೆ ಎಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನೀನು ಕಳಿಸಿದ ಮುನ್ನುಡಿಯನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಪಕ್ಕದಂಗಡಿಯ ಬೀಗ ರಿಪೇರಿಯವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಅವರು ಅರ್ಧ ಉಜ್ಜಿದ ಕೀಲಿಕೈ ಹಿಡಿದುಕೊಂಡೇ ಕೊನೆಯವರೆಗೂ ಕೇಳಿ, "ಅಕ್ಕಾ, ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೆ ಎದ್ದು ಹೋಗೋಕೆ ಮನಸ್ಸೂ ಬರ್ಲಿಲ್ಲ" ಎಂದರು. ಇದಕ್ಕಿಂತ ದೊಡ್ಡ ವಿಮರ್ಶೆ ನಿನಗೆ ಬೇಕೇ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಅನ್ನಲಿ. ನಾನು ಹೆತ್ತದ್ದು ಹೆಗ್ಗಣವಲ್ಲ ಎಂದು ಈ ಬೀದಿಗೆಲ್ಲ ಗೊತ್ತಿದೆ, ಗೊತ್ತಿಲ್ಲದವರಿಗೆ ನಾನೇ ತಿಳಿಸಿದ್ದೇನೆ.

ಮುನ್ನುಡಿಯ ಆರನೆಯ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿಟ್ಟುಕೊಂಡಿದ್ದೇನೆ. ನೆರೆಯಲ್ಲಿ ತನ್ನ ಊರನ್ನೇ ಕಳೆದುಕೊಂಡ ರಾಣಿ ಗುರುವಿನ ಎದುರು ಕುಳಿತು ವಾದ ಮಾಡುತ್ತಾಳೆ, ಒಂಬತ್ತನೆಯ ಭಾಗದ ಕೊನೆಯಲ್ಲಿ ನಂಬಿಕೆ ಹುಟ್ಟಿ ನೆಲಕ್ಕೆ ಹಣೆ ಹಚ್ಚುತ್ತಾಳೆ, ಹಳೆಯ ಕಾಲದ ಬೇರೆ ಯಾರೇ ಆದರೂ ಪುಸ್ತಕವನ್ನು ಅಲ್ಲಿಗೇ ಮುಗಿಸುತ್ತಿದ್ದರು ಎಂದು ಬರೆದಿದ್ದೀಯ. ಆದರೆ ಇದರಲ್ಲಿ ಹತ್ತನೆಯ ಭಾಗ ಒಂದಿದೆ, ಅದು "ರಾಣಿ ಎದ್ದು ನಿಂತಳು" ಎಂದು ಶುರುವಾಗಿ, ಊರು ಮುಳುಗಿದ ದಿನ ನೀನು ಯಾವ ದಡದಲ್ಲಿದ್ದೆ ಎಂದು ಅವಳು ದೇವರನ್ನೇ ಕೇಳುವುದರೊಂದಿಗೆ ಮುಗಿಯುತ್ತದೆ ಎಂದಿದ್ದೀಯ. ನಂಬಿದ ಮೇಲೂ ಕೇಳಬಹುದು ಎಂಬುದನ್ನು ಇಷ್ಟು ಧೈರ್ಯವಾಗಿ ಪುಸ್ತಕದ ಕೊನೆಗೆ ಇಟ್ಟ ಮನಸ್ಸು ಸಾಮಾನ್ಯ ಮನಸ್ಸಲ್ಲ ಎಂದೂ ಬರೆದಿದ್ದೀಯ. ಆ ಸಾಲು ಓದುವಾಗ ನನ್ನ ಕಿವಿ ಬಿಸಿಯಾಯಿತು. ಯಾಕೆಂದು ಈಗ ಹೇಳಬೇಕು. ಹೇಳದೆ ಮೂರು ವಾರ ತಳ್ಳಿದ್ದೇನೆ, ಇನ್ನು ತಳ್ಳಲು ಆಗುವುದಿಲ್ಲ. ಇಪ್ಪತ್ತೈದಕ್ಕೆ ಅಚ್ಚು ಶುರು, ಅದೇ ದಿನ ದೊಡ್ಡ ದೊಡ್ಡ ವಿದ್ವಾಂಸರ ಎದುರು ನಿನ್ನ ಭಾಷಣ. ನಿನ್ನ ಹನ್ನೆರಡು ವರ್ಷದ ದುಡಿಮೆ ಆ ಹತ್ತನೆಯ ಭಾಗದ ಮೇಲೆ ನಿಂತಿದೆ. ಮಗಳೇ, ಅದು ಹತ್ತನೆಯ ಭಾಗವಲ್ಲ.

ಕಳೆದ ತಿಂಗಳು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಒಂದು ಬಟ್ಟೆಯ ಗಂಟು ತಂದರು. ಅವರ ತಂದೆ ಕೂಡಿಸಿಟ್ಟ ಪುಸ್ತಕವಂತೆ, ಗಟ್ಟಿ ರಟ್ಟು ಹಾಕಿ ಕಟ್ಟಿಕೊಡಿ ಎಂದರು. ಬಿಚ್ಚಿ ನೋಡಿದರೆ ನಮ್ಮ ರಾಣಿ ಪುಸ್ತಕ! ಹತ್ತೂ ಭಾಗ, ಅಂಚು ಕತ್ತರಿಸದ ಹಾಳೆ, ಮತ್ತು ಪ್ರತಿ ಭಾಗಕ್ಕೂ ಹಸಿರು ಬಣ್ಣದ ಹೊರಹಾಳೆ. ಇನ್ನೊಂದು ಪೂರ್ತಿ ಪ್ರತಿಗಾಗಿ ನೀನು ಎಷ್ಟು ಗ್ರಂಥಾಲಯ ಸುತ್ತಿದೆ, ಎಷ್ಟು ಜನಕ್ಕೆ ಕಾಗದ ಬರೆದೆ! ಅದು ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ, ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇತ್ತು ನೋಡು.

ನಿನಗೆ ಗೊತ್ತಲ್ಲ, ಆ ಕಾಲದಲ್ಲಿ ಈ ಪುಸ್ತಕ ಒಟ್ಟಿಗೆ ಬರಲಿಲ್ಲ. ತಿಂಗಳಿಗೊಂದು ಭಾಗದಂತೆ ಅಚ್ಚು ಮಾಡಿ ಮಾರಿದರು. ಪ್ರತಿ ಭಾಗದ ಪುಟಸಂಖ್ಯೆಯೂ ಒಂದರಿಂದಲೇ ಶುರು. ಎಷ್ಟನೆಯ ಭಾಗ ಎಂಬುದು ಹೊರಹಾಳೆಯ ಮೇಲೆ ಮಾತ್ರ ಇರುತ್ತಿತ್ತು. ಬೈಂಡ್ ಮಾಡುವಾಗ ಆ ಹೊರಹಾಳೆ ಕಿತ್ತು ಎಸೆಯುವುದು ವಾಡಿಕೆ. ಕಿತ್ತ ಮೇಲೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವವರು ಯಾರೂ ಇಲ್ಲ. ಪೋಸ್ಟ್‌ಮ್ಯಾನರ ಪ್ರತಿಯಲ್ಲಿ "ರಾಣಿ ಎದ್ದು ನಿಂತಳು" ಎಂಬ ಭಾಗದ ಮೇಲೆ ಏಳು ಎಂದಿದೆ. ಎಂಟು, ಒಂಬತ್ತರಲ್ಲಿ ಗುರು ಸಮಾಧಾನ ಹೇಳುತ್ತಾನೆ. ಹತ್ತರಲ್ಲಿ ರಾಣಿ ತಲೆಬಾಗುತ್ತಾಳೆ. ಅಲ್ಲಿಗೆ ಮುಗಿಯಿತು. ಪುಸ್ತಕ ಬರೆದ ಆ ದೊಡ್ಡ ಮನುಷ್ಯನೂ ಎಲ್ಲರ ಹಾಗೆ ಅಲ್ಲಿಗೇ ಮುಗಿಸಿದ್ದಾನೆ.

ನಮ್ಮ ಮನೆಯ ಪ್ರತಿ ಕಟ್ಟಿದವಳು ನಾನು. ಆ ತಿಂಗಳು ಶಾಲೆಗಳು ಶುರುವಾಗುವ ತಿಂಗಳು, ಪಠ್ಯಪುಸ್ತಕಗಳ ರಾಶಿ ಸೂರಿಗೆ ಮುಟ್ಟುತ್ತಿತ್ತು. ಅವಸರದಲ್ಲಿ ಓದದೆಯೇ ಹೊಲಿದುಬಿಟ್ಟೆ, ಏಳನೆಯದು ಕೊನೆಗೆ ಹೋಯಿತು. ಕೈತಪ್ಪು. ಬೇರೆ ಏನು ಹೇಳಲಿ?

ವಿಷಯ ಗೊತ್ತಾದ ಮೇಲೂ ಬಾಯಿ ಬಿಡದೆ ಕೂತದ್ದು ಮಾತ್ರ ಕೈತಪ್ಪಲ್ಲ, ಹೇಡಿತನ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪೋಸ್ಟ್‌ಮ್ಯಾನರು ಬಂದಾಗಲೆಲ್ಲ ಅಂಟು ಒಣಗಿಲ್ಲ ಎಂದೆ. ಮೂರನೆಯ ಸಲ ಅವರು, "ಅದೇನಮ್ಮ ನಿಮ್ಮ ಅಂಟು, ನಮ್ಮನೆ ಗೋಡೆಯ ಸಿಮೆಂಟೇ ಇಷ್ಟು ದಿನ ತಗೊಳ್ಲಿಲ್ಲ" ಎಂದು ನಕ್ಕು ಹೋದರು. ನಿಮ್ಮಪ್ಪನಿಗೂ ಹೇಳಿಲ್ಲ. ಅವರು ರಟ್ಟು ತರಲು ಹೋಗಿರುವ ಹೊತ್ತು ನೋಡಿ ಇದನ್ನು ಬರೆಯುತ್ತಿದ್ದೇನೆ.

ನಿನಗೆ ಆ ದಿನಗಳು ಎಷ್ಟು ನೆನಪಿವೆಯೋ ತಿಳಿಯದು. ನಿನಗೆ ಒಂಬತ್ತು ವರ್ಷ. ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಅಜ್ಜಿಯನ್ನು ಕೇಳಿದೆ, "ದೇವರಿಗೆ ಎಲ್ಲಾ ಮೊದ್ಲೇ ಗೊತ್ತಿದ್ರೆ ನಾವು ಕೇಳ್ಕೊಳ್ಳೋದು ಯಾಕಜ್ಜಿ?" ನಾನು ಒಳಗೊಳಗೇ ನಕ್ಕೆ. ಅಜ್ಜಿ ನಗಲಿಲ್ಲ. ಅದೇ ವಾರ ನಿನ್ನ ತಮ್ಮನಿಗೆ ಜ್ವರ ಬಂತು, ಹತ್ತು ದಿನ ಇಳಿಯಲಿಲ್ಲ. ಆರನೆಯ ದಿನ ಅಜ್ಜಿ ಗಾಬರಿಯಲ್ಲಿ ಒಂದು ಮಾತು ಆಡಿಬಿಟ್ಟರು, "ನಿನ್ನ ನಾಲಿಗೆಯಿಂದ್ಲೇ ಮಗು ಮಲಗಿದ್ದು" ಎಂದು. ಮಗು ಎದ್ದು ಓಡಾಡತೊಡಗಿದ. ನಿನ್ನ ಮಾತು ಮಾತ್ರ ಮಲಗಿತು. ಶಾಲೆಗೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ. ಆದರೆ ಒಂದು "ಯಾಕೆ" ಕೂಡ ನಿನ್ನ ಬಾಯಿಂದ ಬರಲಿಲ್ಲ. ಎಷ್ಟು ಜಾಣೆಯಾದಳು ಎಂದು ನೆಂಟರು ಹೊಗಳಿದರು. ಆ ಹೊಗಳಿಕೆ ಕೇಳಲಾರದೆ ನಾನು ಒಳಗೆ ಎದ್ದು ಹೋಗುತ್ತಿದ್ದೆ.

ಆಗಲೇ ಅಜ್ಜಿ ತಮ್ಮ ಪೆಟ್ಟಿಗೆಯಿಂದ ಈ ಹತ್ತು ಭಾಗ ತೆಗೆದು ನನ್ನ ಕೈಗಿಟ್ಟರು. ಹುಡುಗಿ ಇದನ್ನು ಓದಲಿ, ವಾದ ಮಾಡಿದ ರಾಣಿಯೂ ಕೊನೆಗೆ ತಲೆಬಾಗಿದಳು ಎಂದು ಕಲಿಯಲಿ, ಚೆನ್ನಾಗಿ ಕಟ್ಟಿಕೊಡು ಎಂದರು. ಕಟ್ಟಿಕೊಟ್ಟೆ. ನೀನು ಕಟಿಂಗ್ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಕಾಗದದ ಚೂರುಗಳಲ್ಲಿ ಕಾಲು ಹುದುಗಿಸಿಕೊಂಡು ಎರಡು ತಿಂಗಳು ಓದಿದೆ. ಕೊನೆಯ ಭಾಗ ಮುಗಿಸಿದ ಸಂಜೆ ತಲೆ ಎತ್ತಿ ಕೇಳಿದೆ, "ಅಮ್ಮ, ನಮಸ್ಕಾರ ಮಾಡಿದ್ಮೇಲೂ ರಾಣಿ ಯಾಕೆ ಕೇಳ್ತಾಳೆ?" ನಾಲ್ಕು ತಿಂಗಳಿಗೆ ಮೊದಲ ಯಾಕೆ! ನಾನು ಆ ಹೊತ್ತಿಗೆ ಯಾವುದೋ ಕಚೇರಿಯ ನೂರು ರಿಜಿಸ್ಟರಿನ ಕಟ್ಟನ್ನು ಓರೆಯಾಗಿ ಕತ್ತರಿಸಿಬಿಟ್ಟೆ. ಬೈಸಿಕೊಂಡೆ. ಬೈಸಿಕೊಳ್ಳುವಾಗಲೂ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ನಿನ್ನ ಬಾಯಿ ಮುಚ್ಚಿಲ್ಲ, ದೇವರ ದಯೆ. ಹೌದು, ದೇವರ ದಯೆ ಅಂತಲೇ ಬರೆಯುತ್ತೇನೆ, ನೀನು ಮುಖ ಸಿಂಡರಿಸಿದರೆ ಸಿಂಡರಿಸು.

ನಾನು ನಂಬುವವಳು. ಬೆಳಿಗ್ಗೆ ಎದ್ದು ಕೈಮುಗಿಯದೆ ಸೂಜಿಗೆ ದಾರ ಪೋಣಿಸಿದವಳಲ್ಲ. ದೇವರಿದ್ದಾನೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ ಎಂದು ನೀನು ಬರೆದಾಗ ನಾನು ಒಂದು ದಿನವೂ ನಿದ್ದೆ ಕೆಡಿಸಿಕೊಂಡಿಲ್ಲ. ಒಂದು ಪ್ರಶ್ನೆಗೆ ಕಿತ್ತುಹೋಗುವ ದೇವರಾದರೆ ಅವನಿಗಿಂತ ನನ್ನ ಹೊಲಿಗೆಯೇ ಗಟ್ಟಿ. ಇಷ್ಟು ವರ್ಷ ಅಂಗಡಿಗೆ ಬಂದ ಪುರಾಣ, ವೇದಾಂತ, ನಾಸ್ತಿಕರ ಪುಸ್ತಕ ಎಲ್ಲವನ್ನೂ ನಾನು ಓದಿದ್ದೇನೆ. ಅಚ್ಚಿನ ಹಾಳೆ ಮಡಚಿದ ಫಾರಂ ಒಂದನ್ನು ಒಂದು ಸಾಲಾದರೂ ಓದದೆ ಹೊಲಿಗೆಗೆ ಹಾಕಿದ್ದು ನನಗೆ ನೆನಪೇ ಇಲ್ಲ. ಯಾವ ಪುಸ್ತಕದ ತಲೆ ಯಾವುದರ ಬಾಲಕ್ಕೆ ಸೇರಿದೆಯೋ ನನ್ನ ಬುದ್ಧಿಯೊಳಗೆ! ಆದರೂ ಅಷ್ಟು ಓದಿನಿಂದ ನನಗೆ ತಿಳಿದದ್ದು, ಹೆದರಿಸಿ ಹುಟ್ಟಿಸಿದ ನಂಬಿಕೆ ಮಗುವಿನ ಮಾತು ನಿಲ್ಲಿಸುತ್ತದೆ ಎಂಬುದೇ. ಅದನ್ನು ಮನೆಯಲ್ಲೇ ಕಂಡೆ.

ಈಗ ಮುಂದಿನದು. ಪೋಸ್ಟ್‌ಮ್ಯಾನರಿಗೆ ನಿನ್ನೆ ನಿಜ ಹೇಳಿ ಕ್ಷಮೆ ಕೇಳಿದೆ. ಮಗಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಪ್ರತಿ ಇಟ್ಟುಕೊಳ್ಳಲಿ ಎಂದರು. ಹತ್ತು ಹೊರಹಾಳೆಗಳ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಪುಸ್ತಕವನ್ನು ಬರೆದವನ ಕ್ರಮದಲ್ಲೇ ಅಚ್ಚು ಮಾಡಿಸು, ಅದು ಅವನದು. ನಿನ್ನ ಮುನ್ನುಡಿಯ ಅರ್ಧ ಬಿದ್ದುಹೋಗುತ್ತದೆ. ನಗುವವರು ನಗುತ್ತಾರೆ. ಹನ್ನೆರಡು ವರ್ಷ ತಪ್ಪು ಪ್ರತಿ ಹಿಡಿದು ಕೂತಿದ್ದಳು ಎನ್ನುತ್ತಾರೆ. ಬೇಕಾದರೆ ಬೈಂಡರಿನ ಕೈತಪ್ಪು ಎಂದು ಒಂದು ಸಾಲು ಹಾಕಿ ನನ್ನ ತಲೆಗೆ ಕಟ್ಟಿಬಿಡು, ನನ್ನ ತಲೆ ಗಟ್ಟಿಯಿದೆ. ಅಚ್ಚಾದ ಮೇಲೆ ಯಾರೋ ಬಂದು ಎತ್ತಿ ತೋರಿಸುವುದಕ್ಕಿಂತ ನೀನೇ ವೇದಿಕೆ ಹತ್ತಿ, ನಾನು ತಪ್ಪಿದ್ದೆ ಎಂದು ಹೇಳುವುದು ಲೇಸು. ಹಾಗೆ ಹೇಳುವ ಎದೆಗಾರಿಕೆ ನಿನಗಿದೆ. ಇಲ್ಲದಿದ್ದರೆ ನಾನು ಈ ಕಾಗದವನ್ನೇ ಬರೆಯುತ್ತಿರಲಿಲ್ಲ. ಆ ದಿನ ಮುಂದಿನ ಸಾಲಿನಲ್ಲಿ ಕೂರಲು ನಾನು ಬರುತ್ತೇನೆ, ಬೇಡವೆಂದರೂ ಬರುತ್ತೇನೆ.

ಕೋಪ ಬಂದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ಬೆರಳಿನ ಅಂಟು ಈ ಹಾಳೆಗೂ ಮೆತ್ತಿಸಿದ,
ನಿನ್ನ ಬೈಂಡರಮ್ಮ

ತಾ. ಕ.: ಲಕೋಟೆ ಅಂಟಿಸಿ, ಅಂಚೆಪೆಟ್ಟಿಗೆಯವರೆಗೂ ಹೋಗಿ, ವಾಪಸ್ ಬಂದೆ. ನಮ್ಮ ಅಂಟು ಸುಲಭಕ್ಕೆ ಬಿಡುವುದಿಲ್ಲ, ಬಿಸಿನೀರಿನ ಹಬೆ ಹಿಡಿದು ತೆರೆದೆ.

ಮೇಲೆ ಎಲ್ಲ ನಿಜ ಬರೆದು ಒಂದು ಸುಳ್ಳು ಸೇರಿಸಿದ್ದೆ. ಹತ್ತೂ ಭಾಗವನ್ನು ಹೊರಹಾಳೆ ಕೀಳುವ ಮೊದಲೇ ಓದಿದ್ದೆ, ಎರಡೆರಡು ಸಲ. ಹತ್ತನೆಯದರ ಕೊನೆಗೆ ರಾಣಿ ನೆಲಕ್ಕೆ ಹಣೆ ಹಚ್ಚುತ್ತಾಳೆ, ಏಳನೆಯದರ ಮೊದಲಿಗೆ ಎದ್ದು ನಿಲ್ಲುತ್ತಾಳೆ. ಒಂದರ ಹಿಂದೆ ಒಂದು ಇಟ್ಟರೆ ಎಲ್ಲಿಯೂ ಬಿರುಕು ಕಾಣುವುದಿಲ್ಲ. ಮೂರು ದಿನ ಇಟ್ಟು, ತೆಗೆದು, ಇಟ್ಟು ನೋಡಿದೆ. ನೀನು ಓದುವ ಪುಸ್ತಕ ತಗ್ಗಿದ ತಲೆಯಲ್ಲಿ ಮುಗಿಯುವುದು ನನಗೆ ಬೇಡವಾಗಿತ್ತು. ನಾಲ್ಕನೆಯ ದಿನ ಮೇಣ ತಿಕ್ಕಿದ ಜೋಡಿ ದಾರದಲ್ಲಿ ಹೊಲಿದೆ, ಯಾರು ಎಳೆದರೂ ಬಿಚ್ಚದ ಹಾಗೆ.

ನಿನ್ನ ಅಜ್ಜಿಗೂ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಪುಸ್ತಕದ ಕೊನೆ ಓದು ಎಂದು ನಿನ್ನ ಕೈಯಲ್ಲಿ ಓದಿಸಿ ಕೇಳಿದರು. ನೀನು ರಾಣಿಯ ಪ್ರಶ್ನೆಗಳನ್ನು ಒಂದೊಂದಾಗಿ, ಗಂಟಲೆತ್ತಿ ಓದಿದೆ. ಓದು ಮುಗಿದ ಮೇಲೆ ಅವರು ಒಳಗೆ ಬಂದು ನನ್ನನ್ನೇ ನೋಡುತ್ತ ನಿಂತರು. ಇವತ್ತು ನನ್ನ ಗತಿ ಮುಗಿಯಿತು ಎಂದುಕೊಂಡೆ. "ಇರ್ಲಿ ಬಿಡು, ಹುಡುಗಿ ದನಿ ವಾಪಸ್ ಬಂತಲ್ಲ" ಎಂದು ಹೇಳಿ ಹೋದರು. ಸಾಯುವವರೆಗೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮೂವತ್ತೆಂಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಫಾರಂ ಹಿಂದುಮುಂದಾಗಿಲ್ಲ. ಆದ್ದರಿಂದ ಮುನ್ನುಡಿ ತಿದ್ದುವಾಗ ಬೈಂಡರಿನ ಕೈತಪ್ಪು ಎಂದು ಮಾತ್ರ ಹಾಕಬೇಡ. ಅಮ್ಮ ಬೇಕೆಂದೇ ಹಾಗೆ ಕಟ್ಟಿದಳು ಎಂದು ಬರೆ.